ಅಹಮದಾಬಾದಿನ ಮಗ್ಗಗಳೂ ನಮ್ಮ ಎಕ್ಸೆಲ್ ಶೀಟೂ

ಕೆಲಸಗಾರರನ್ನು ಖುಷಿಯಾಗಿ ಇಟ್ಟುಕೊಳ್ಳುವುದು ಹೇಗೆ ಎಂದು ಯೋಚಿಸುವುದಕ್ಕೆಂದೇ ನಮ್ಮ ಐಟಿ ಕಂಪನಿಗಳಲ್ಲಿ ಒಂದು ವಿಭಾಗ ಇರುತ್ತದೆ. ವರ್ಷಕ್ಕೊಮ್ಮೆ ಅವರಿಂದ ಒಂದು ಸರ್ವೆ ಬರುತ್ತದೆ. ಕೆಲಸದ ಬಗ್ಗೆ ಹೆಮ್ಮೆ ಇದೆಯೇ, ಮ್ಯಾನೇಜರ್ ನಿಮ್ಮ ಮಾತು ಕೇಳುತ್ತಾರೆಯೇ ಎಂಬ ಪ್ರಶ್ನೆಗಳಿಗೆ ಒಂದರಿಂದ ಐದರವರೆಗೆ ಅಂಕ ಕೊಡಬೇಕು. ಅಂಕ ಕಡಿಮೆ ಬಂದರೆ ಮುಂದಿನ ತಿಂಗಳು ಪಿಜ್ಜಾ ಬರುತ್ತದೆ, ದೀಪಾವಳಿಗೆ ರಂಗೋಲಿ ಸ್ಪರ್ಧೆ ನಡೆಯುತ್ತದೆ, ಲೋಣಾವಳಕ್ಕೆ ಒಂದು ದಿನದ ಪ್ರವಾಸ ಹೊರಡುತ್ತದೆ. ಹುಡುಗರು ಪಿಜ್ಜಾ ತಿನ್ನುತ್ತಾರೆ, ಲೋಣಾವಳದಲ್ಲಿ ಫೋಟೋ ತೆಗೆಸಿಕೊಳ್ಳುತ್ತಾರೆ, ಆಮೇಲೆ ರಾಜೀನಾಮೆ ಕೊಡುತ್ತಾರೆ.

ಪುಣೆಯಲ್ಲಿ ಪ್ರಾಜೆಕ್ಟ್ ಮ್ಯಾನೇಜರ್ ಆಗಿರುವ ನನಗೆ ಈ ರಾಜೀನಾಮೆಗಳು ಹೊಸತಲ್ಲ. ಬಿಟ್ಟು ಹೋಗುವವರು ಎಚ್‌ಆರ್ ಮುಂದೆ ಹೇಳುವ ಕಾರಣ ಒಂದು, ಕೆಳಗೆ ಚಹಾ ಅಂಗಡಿಯಲ್ಲಿ ನನಗೆ ಹೇಳುವ ಕಾರಣ ಇನ್ನೊಂದು. ಎಚ್‌ಆರ್ ಮುಂದೆ ಸಂಬಳ ಎನ್ನುತ್ತಾರೆ, ಅದು ಸುಳ್ಳೂ ಅಲ್ಲ. ಆದರೆ ಚಹಾದ ಹೊತ್ತಿಗೆ ಬರುವ ಮಾತು ಬೇರೆ: "ಸರ್, ನಾನು ಮಾಡಿದ ಕೆಲಸ ಎಲ್ಲಿಗೆ ಹೋಯ್ತು ಅಂತಾನೇ ಗೊತ್ತಾಗಲ್ಲ. ಯಾರ ಜೊತೆ ಕೆಲಸ ಮಾಡ್ತಿದೀನಿ ಅಂತಾನೂ ಗೊತ್ತಾಗಲ್ಲ." ಈ ದೂರನ್ನು ಹಲವು ಬಾಯಲ್ಲಿ ಕೇಳಿದ ಮೇಲೆ, ಇದಕ್ಕೆ ಮೊದಲು ಯಾರಾದರೂ ಉತ್ತರ ಹುಡುಕಿದ್ದಾರೆಯೇ ಎಂದು ಓದತೊಡಗಿದೆ. ಹುಡುಕಿದ್ದರು. ಅದೂ ನಮ್ಮ ದೇಶದಲ್ಲೇ, 1953ರಲ್ಲಿ, ಅಹಮದಾಬಾದಿನ ಒಂದು ಬಟ್ಟೆ ಗಿರಣಿಯಲ್ಲಿ. ಆ ಕಥೆ ಹೇಳುವ ಮೊದಲು, ಅದಕ್ಕಿಂತ ಹಿಂದಿನ ಎರಡು ಉತ್ತರಗಳನ್ನು ನೋಡಿಬಿಡೋಣ.

ಸಂಬಳ ಕೊಡು, ಗಮನ ಕೊಡು

ಮೊದಲ ಉತ್ತರ ಹೆನ್ರಿ ಫೋರ್ಡ್‌ನದು. ಚಲಿಸುವ ಅಸೆಂಬ್ಲಿ ಲೈನ್ ಶುರುವಾದ 1913ರಲ್ಲಿ ಅವನ ಕಾರ್ಖಾನೆಯಲ್ಲಿ ಜನ ನಿಲ್ಲುತ್ತಲೇ ಇರಲಿಲ್ಲ. ಸುಮಾರು 14,000 ಜನರ ಪಡೆಯನ್ನು ಉಳಿಸಿಕೊಳ್ಳಲು ವರ್ಷಕ್ಕೆ 50,000ಕ್ಕೂ ಹೆಚ್ಚು ಜನರನ್ನು ನೇಮಿಸಿಕೊಳ್ಳಬೇಕಾಯಿತು. ನಮ್ಮ ಅಟ್ರಿಷನ್ ಅಂಕಿಗಳು ಇದರ ಮುಂದೆ ಏನೂ ಅಲ್ಲ. 1914ರ ಜನವರಿಯಲ್ಲಿ ಫೋರ್ಡ್ ದಿನಕ್ಕೆ ಐದು ಡಾಲರ್ ಘೋಷಿಸಿದ. ಅದು ಹಿಂದಿನ ಕೂಲಿಯ ಎರಡು ಪಟ್ಟಿಗೂ ಹೆಚ್ಚು. ಜೊತೆಗೆ ಒಂಬತ್ತು ಗಂಟೆಯ ದಿನವನ್ನು ಎಂಟಕ್ಕೆ ಇಳಿಸಿದ. ಕೆಲಸಕ್ಕಾಗಿ ಗೇಟಿನ ಮುಂದೆ ಸಾಲು ನಿಂತಿತು. ಆದರೆ ಐದು ಡಾಲರಿಗೆ ಷರತ್ತುಗಳಿದ್ದವು. ಕೆಲಸಗಾರನ ಮನೆ ಚೊಕ್ಕಟವಾಗಿದೆಯೇ, ಕುಡಿಯುತ್ತಾನೆಯೇ, ಹಣ ಕೂಡಿಡುತ್ತಾನೆಯೇ ಎಂದು ನೋಡಲು ಕಂಪನಿಯ ಜನ ಮನೆಮನೆಗೆ ಹೋಗುತ್ತಿದ್ದರು.

ಎರಡನೆಯ ಉತ್ತರ ಎಂಬಿಎ ಓದಿದವರೆಲ್ಲ ಕೇಳಿರುವ ಹಾಥಾರ್ನ್ ಪ್ರಯೋಗಗಳು. ಶಿಕಾಗೋ ಬಳಿಯ ವೆಸ್ಟರ್ನ್ ಎಲೆಕ್ಟ್ರಿಕ್ ಕಾರ್ಖಾನೆಯಲ್ಲಿ 1924ರಿಂದ 1932ರವರೆಗೆ ನಡೆದವು. ಬೆಳಕು ಹೆಚ್ಚಿಸಿದರು, ಉತ್ಪಾದನೆ ಏರಿತು. ಬೆಳಕು ತಗ್ಗಿಸಿದರು, ಆಗಲೂ ಇಳಿಯಲಿಲ್ಲ. ಐದು ಜನ ಹೆಣ್ಣುಮಕ್ಕಳನ್ನು ಬೇರೆ ಕೋಣೆಯಲ್ಲಿ ಕೂರಿಸಿ ವಿರಾಮ, ಕೆಲಸದ ಅವಧಿ, ಊಟ ಎಲ್ಲವನ್ನೂ ಬದಲಿಸಿ ನೋಡಿದರು. ಕೊನೆಗೆ, ನಮ್ಮನ್ನು ಯಾರೋ ಗಮನಿಸುತ್ತಿದ್ದಾರೆ, ನಮ್ಮ ಮಾತಿಗೆ ಬೆಲೆ ಇದೆ ಎನಿಸಿದರೆ ಜನ ಚೆನ್ನಾಗಿ ಕೆಲಸ ಮಾಡುತ್ತಾರೆ ಎಂಬ ಅರ್ಥ ಹೊರಡಿಸಿದರು. ಆ ಅಂಕಿಅಂಶಗಳ ಬಗ್ಗೆ ಆಮೇಲೆ ಬಹಳ ತಕರಾರು ಬಂದಿದೆ, ಆದರೆ ತೀರ್ಮಾನ ಮಾತ್ರ ಗಟ್ಟಿಯಾಗಿ ಉಳಿಯಿತು. ನಮ್ಮ ಸರ್ವೆ, ಪಿಜ್ಜಾ, ಲೋಣಾವಳ ಎಲ್ಲ ಈ ಮರದ ಕೊಂಬೆಗಳೇ.

ಎರಡೂ ಉತ್ತರಗಳು ಒಂದು ಸಂಗತಿಯನ್ನು ಮುಟ್ಟುವುದಿಲ್ಲ. ಕೆಲಸವನ್ನೇ ಹೇಗೆ ತುಂಡು ಮಾಡಿ ಹಂಚಿದ್ದೇವೆ ಎಂಬುದನ್ನು ಇಬ್ಬರೂ ಕೇಳಲಿಲ್ಲ.

ಅತ್ತೆಯ ಕಾಲದ ಅಹಮದಾಬಾದು

ಅಹಮದಾಬಾದಿನ ಮೊದಲ ಗಿರಣಿ 1861ರಲ್ಲಿ ಶುರುವಾಯಿತು. ಕ್ಯಾಲಿಕೊ ಮಿಲ್ಸ್ ಬಂದದ್ದು 1880ರಲ್ಲಿ. ಅದು ಸಾರಾಭಾಯಿ ಕುಟುಂಬದ ಗಿರಣಿ. 1917ರಲ್ಲಿ ಊರಿಗೆ ಪ್ಲೇಗ್ ಬಂದಾಗ ಕೆಲಸಗಾರರು ಓಡಿಹೋಗದಿರಲೆಂದು ಮಾಲೀಕರು ಕೂಲಿಯ ಮೇಲೆ ದೊಡ್ಡ ಬೋನಸ್ ಕೊಟ್ಟರು. ಪ್ಲೇಗ್ ಹೋಯಿತು, ಬೋನಸ್ಸೂ ನಿಂತಿತು. ಯುದ್ಧಕಾಲದ ಬೆಲೆ ಏರಿಕೆ ಮಾತ್ರ ನಿಲ್ಲಲಿಲ್ಲ. 1918ರ ಫೆಬ್ರವರಿಯಲ್ಲಿ ಜಗಳ ಬೀದಿಗೆ ಬಂತು. ಮಾಲೀಕರ ನಾಯಕ ಅಂಬಾಲಾಲ್ ಸಾರಾಭಾಯಿ. ಕೆಲಸಗಾರರ ಪರ ನಿಂತವರು ಗಾಂಧೀಜಿ, ಮತ್ತು ಅಂಬಾಲಾಲರ ಸ್ವಂತ ಅಕ್ಕ ಅನಸೂಯಾ ಸಾರಾಭಾಯಿ.

ಮಾಲೀಕರು ಶೇ. 20 ಎಂದರು, ಕೆಲಸಗಾರರು ಶೇ. 35ಕ್ಕೆ ನಿಂತರು. ಸಾಬರಮತಿ ದಂಡೆಯಲ್ಲಿ ದಿನವೂ ಸಭೆ. ದಿನ ಕಳೆದಂತೆ ಮನೆಗಳಲ್ಲಿ ಹಿಟ್ಟು ಮುಗಿಯಿತು. ಗಾಂಧೀಜಿಯೂ ಅನಸೂಯಾ ಬೆಹನ್ನರೂ ಕಾರಿನಲ್ಲಿ ಬಂದು ಹೋಗುತ್ತಾರೆ, ಅವರಿಗೇನು ಎಂಬ ಮಾತು ಎದ್ದಿತು. ಆ ಮಾತು ಗಾಂಧೀಜಿಗೆ ನಾಟಿತು. ಮಾರ್ಚ್ 15ರಂದು ಉಪವಾಸ ಕೂತರು. ಮೂರು ದಿನದಲ್ಲಿ ರಾಜಿಯಾಯಿತು. ಮೊದಲ ದಿನ ಶೇ. 35, ಎರಡನೆಯ ದಿನ ಶೇ. 20, ಮೂರನೆಯ ದಿನದಿಂದ ಪಂಚರ ತೀರ್ಪು ಬರುವವರೆಗೆ ಶೇ. 27.5 ಎಂಬ ಏರ್ಪಾಟು. ಇಬ್ಬರ ಮಾನವೂ ಉಳಿಯಿತು. ಪಂಚರಾಗಿದ್ದ ಆನಂದಶಂಕರ ಧ್ರುವರು ಕೊನೆಗೆ ಶೇ. 35ನ್ನೇ ಕೊಟ್ಟರು. 1920ರಲ್ಲಿ ಮಜೂರ್ ಮಹಾಜನ ಸಂಘ ಹುಟ್ಟಿತು.

ಈ ಕಥೆ ಇಲ್ಲಿ ಏಕೆಂದರೆ, 1953ರ ಪ್ರಯೋಗ ಬರಡು ನೆಲದಲ್ಲಿ ಮೊಳೆತದ್ದಲ್ಲ. ಗಟ್ಟಿ ಯೂನಿಯನ್ ಇದ್ದ, ಕೂಲಿಯ ಜಗಳವನ್ನು ಮಾತುಕತೆಯಲ್ಲಿ ಮುಗಿಸುವ ರೂಢಿ ಇದ್ದ ಊರಿನಲ್ಲಿ ಅದು ನಡೆಯಿತು. ಹೊಟ್ಟೆಯ ಪ್ರಶ್ನೆ ಎದ್ದಿರುವ ಕಡೆ ಹೆಮ್ಮೆಯ ಪ್ರಶ್ನೆ ಎತ್ತುವುದು ಮಾಲೀಕನಿಗೆ ಅನುಕೂಲದ ಮಾತಾಗುತ್ತದೆ.

ಮಗ್ಗ ಚುರುಕಾಯಿತು, ಬಟ್ಟೆ ಹೆಚ್ಚಲಿಲ್ಲ

1950ರ ಹೊತ್ತಿಗೆ ಕ್ಯಾಲಿಕೊ ಅಂಬಾಲಾಲರ ಮಗ ಗೌತಮ ಸಾರಾಭಾಯಿಯವರ ಕೈಯಲ್ಲಿತ್ತು. ಅನಸೂಯಾ ಬೆಹನ್ ಇವರ ಸೋದರತ್ತೆ, ವಿಕ್ರಮ ಸಾರಾಭಾಯಿ ತಮ್ಮ. 1952ರಲ್ಲಿ ಕಂಪನಿಯ ಜುಬಿಲಿ ಗಿರಣಿಗೆ ಸ್ವಯಂಚಾಲಿತ ಮಗ್ಗಗಳು ಬಂದವು. ಒಳ್ಳೆಯ ಯಂತ್ರ, ಒಳ್ಳೆಯ ನೂಲು, ಗಡಿಯಾರ ಹಿಡಿದು ಅಳೆದು ಹಂಚಿದ ಕೆಲಸ. ಆದರೂ ಬಟ್ಟೆಯ ಪ್ರಮಾಣ ಏರಲಿಲ್ಲ, ಗುಣಮಟ್ಟ ಕುಸಿಯಿತು. ಲಂಡನ್ನಿನ ಟ್ಯಾವಿಸ್ಟಾಕ್ ಇನ್ಸ್ಟಿಟ್ಯೂಟಿನ ಎ. ಕೆ. ರೈಸ್ ಎಂಬವರನ್ನು ಸಲಹೆಗೆ ಕರೆಸಿದರು.

ಟ್ಯಾವಿಸ್ಟಾಕ್‌ನವರಿಗೆ ಈ ರೋಗದ ಪರಿಚಯ ಇತ್ತು. ಅಲ್ಲಿನ ಎರಿಕ್ ಟ್ರಿಸ್ಟ್ ಮತ್ತು ಹಿಂದೆ ಸ್ವತಃ ಗಣಿ ಕಾರ್ಮಿಕರಾಗಿದ್ದ ಕೆನ್ ಬ್ಯಾಮ್‌ಫೋರ್ತ್ 1951ರಲ್ಲಿ ಬ್ರಿಟನ್ನಿನ ಕಲ್ಲಿದ್ದಲ ಗಣಿಗಳ ಬಗ್ಗೆ ಒಂದು ಲೇಖನ ಬರೆದಿದ್ದರು. ಹಳೆಯ ಪದ್ಧತಿಯಲ್ಲಿ ಎರಡು ಮೂರು ಜನರ ಗುಂಪು ಕಲ್ಲಿದ್ದಲು ಕಡಿಯುವುದರಿಂದ ಸಾಗಿಸುವವರೆಗೆ ಇಡೀ ಕೆಲಸ ಮಾಡುತ್ತಿತ್ತು. ಯಂತ್ರ ಬಂದ ಮೇಲೆ ಒಂದು ಪಾಳಿ ಕತ್ತರಿಸುವುದು, ಇನ್ನೊಂದು ಯಂತ್ರ ಸರಿಸುವುದು, ಮತ್ತೊಂದು ತುಂಬುವುದು ಎಂದು ಒಡೆದರು. ಒಂದು ಪಾಳಿಯ ತಪ್ಪು ಮುಂದಿನ ಪಾಳಿಯ ತಲೆಯ ಮೇಲೆ ಬೀಳುತ್ತಿತ್ತು. ಗೈರುಹಾಜರಿ, ಜಗಳ, ಕಾಯಿಲೆ ಹೆಚ್ಚಿದವು.

ರೈಸ್ ಜುಬಿಲಿ ಶೆಡ್ಡಿನಲ್ಲಿ ಕಂಡದ್ದನ್ನು ಅರ್ಥ ಮಾಡಿಕೊಳ್ಳಲು ಮಗ್ಗದ ಕೆಲಸ ಸ್ವಲ್ಪ ಗೊತ್ತಿರಬೇಕು. ನಾನು ಬನಹಟ್ಟಿಯ ನೇಕಾರ ಮನೆತನದವನಾದ್ದರಿಂದ ಇದು ನನಗೆ ಪುಸ್ತಕದ ವಿದ್ಯೆಯಲ್ಲ. ಉದ್ದಕ್ಕೆ ಇರುವ ಎಳೆ ಹಾಸು, ಅಡ್ಡಕ್ಕೆ ಓಡುವ ಎಳೆ ಹೊಕ್ಕು. ಹೊಕ್ಕಿನ ನೂಲು ಕಂಡಿಕೆಗೆ ಸುತ್ತಿ ಲಾಳಿಯೊಳಗೆ ಕೂರುತ್ತದೆ. ಕಂಡಿಕೆ ಖಾಲಿಯಾದರೆ ಬದಲಿಸಬೇಕು, ಹಾಸಿನ ಎಳೆ ತುಂಡಾದರೆ ಗಂಟು ಹಾಕಬೇಕು, ಹಾಸು ಮುಗಿದರೆ ಹೊಸದನ್ನು ಏರಿಸಬೇಕು. ಮಾಮೂಲಿ ಮಗ್ಗದಲ್ಲಿ ಇವೆಲ್ಲದರ ಹೊಣೆ ನೇಕಾರನದೇ. ಸ್ವಯಂಚಾಲಿತ ಮಗ್ಗ ಕಂಡಿಕೆಯನ್ನು ತಾನೇ ಬದಲಿಸಿಕೊಳ್ಳುತ್ತದೆ, ಎಳೆ ಹರಿದರೆ ತಾನೇ ನಿಲ್ಲುತ್ತದೆ. ಹಾಗಾಗಿ ಒಬ್ಬ ನೇಕಾರ ಹತ್ತಾರು ಮಗ್ಗ ನೋಡಿಕೊಳ್ಳಬಹುದು, ಉಳಿದ ಕೆಲಸಕ್ಕೆ ಬೇರೆಬೇರೆ ಜನ ಸಾಕು ಎಂದು ಎಂಜಿನಿಯರುಗಳು ಲೆಕ್ಕ ಹಾಕಿದರು.

ಲೆಕ್ಕ ಹೀಗಿತ್ತು. 224 ಮಗ್ಗಗಳಿಗೆ 29 ಜನ, 12 ಬಗೆಯ ಕೆಲಸ. ನೇಕಾರನಿಗೆ 24 ಅಥವಾ 32 ಮಗ್ಗ. ಕಂಡಿಕೆ ತುಂಬುವವನಿಗೆ 40 ಅಥವಾ 50. ಒಟ್ಟಿಗೆ ಹತ್ತಾರು ಎಳೆ ಹರಿದುಹೋದಾಗ ಸರಿಪಡಿಸುವವನಿಗೆ 60 ಅಥವಾ 80. ಎಣ್ಣೆ ಬಿಡುವವ, ಗುಡಿಸುವವ, ಬಟ್ಟೆ ಹೊರುವವ, ಜಾಬರ್ ಇವರೆಲ್ಲರಿಗೆ ಇನ್ನೂ ಬೇರೆ ಸಂಖ್ಯೆ. ಒಬ್ಬೊಬ್ಬರ ಸಮಯ ಅಳೆದು ಹಂಚಿದ್ದರಿಂದ ಕಾಗದದ ಮೇಲೆ ಯಾರೂ ಖಾಲಿ ಕೂರುವಂತಿರಲಿಲ್ಲ.

ಇದನ್ನು ಓದುವಾಗ ನಾನು ಪೆನ್ನು ತೆಗೆದುಕೊಂಡು ಭಾಗಾಕಾರ ಮಾಡಿದೆ. 24 ಮಗ್ಗದ ನೇಕಾರನಿಗೆ 40 ಮಗ್ಗದ ಕಂಡಿಕೆಯವನು ಎಷ್ಟು ಸಿಗುತ್ತಾನೆ? ಶೇ. 60. ಎಳೆ ಸರಿಪಡಿಸುವವನು 60 ಮಗ್ಗದವನಾದರೆ? ಶೇ. 40. ನಮ್ಮಲ್ಲಿ ಪ್ರತಿ ಪ್ರಾಜೆಕ್ಟಿಗೆ ಇರುವ ರಿಸೋರ್ಸ್ ಅಲೊಕೇಶನ್ ಶೀಟಿನಲ್ಲಿ ಟೆಸ್ಟರ್ ಶೇ. 60, ಡೇಟಾಬೇಸ್‌ನವರು ಶೇ. 40, ಆರ್ಕಿಟೆಕ್ಟ್ ಶೇ. 10 ಎಂದು ತುಂಬುತ್ತೇವಲ್ಲ, ಅದೇ ಶೀಟು. ಎಕ್ಸೆಲ್ ಹುಟ್ಟುವ ಮೂವತ್ತು ವರ್ಷ ಮೊದಲೇ ಜುಬಿಲಿ ಮಿಲ್ಲಿನಲ್ಲಿ ಅದು ಇತ್ತು.

ಶೆಡ್ಡಿನಲ್ಲಿ ಆಗುತ್ತಿದ್ದುದೂ ನಮಗೆ ಗೊತ್ತಿರುವುದೇ. ಹರಿದ ಎಳೆ ಸರಿಪಡಿಸುವವನು ಒಂದು ಕಡೆ ಸಿಕ್ಕಿಕೊಂಡಿರುತ್ತಿದ್ದ, ಇನ್ನೊಂದು ನೇಕಾರನ ಮಗ್ಗ ಸುಮ್ಮನೆ ನಿಂತಿರುತ್ತಿತ್ತು. ಯಾರನ್ನು ಮೊದಲು ನೋಡಬೇಕು ಎಂದು ಹೇಳುವವರು ಯಾರೂ ಇರಲಿಲ್ಲ. ಹನ್ನೆರಡು ಬಗೆಯ ಜನ ಒಬ್ಬರನ್ನೊಬ್ಬರು ನಂಬಿಕೊಂಡಿದ್ದರೂ, 'ಇದು ನಮ್ಮ ಬಟ್ಟೆ' ಎನ್ನುವ ಗುಂಪು ಎಲ್ಲಿಯೂ ಇರಲಿಲ್ಲ. ಎಲ್ಲರ ಮೇಲೂ ಮೇಲ್ವಿಚಾರಕರು ಕೂಗಾಡಬೇಕಾಗುತ್ತಿತ್ತು.

ಏಳು ಜನ, 64 ಮಗ್ಗ

ರೈಸ್ ಸೂಚಿಸಿದ್ದು ಸರಳವಾಗಿತ್ತು. ಒತ್ತೊತ್ತಾಗಿ ಇರುವ ಸುಮಾರು 64 ಮಗ್ಗಗಳನ್ನು ಏಳು ಜನರ ಒಂದು ಗುಂಪಿಗೆ ಒಪ್ಪಿಸಿ. ಆ ಮಗ್ಗಗಳ ನೇಯ್ಗೆಯೂ ದಿನನಿತ್ಯದ ನಿಗಾವೂ ಅವರ ಜವಾಬ್ದಾರಿ. ಒಳಗೊಳಗೆ ಕೆಲಸ ಹಂಚಿಕೊಳ್ಳುವುದು ಅವರಿಗೆ ಬಿಟ್ಟದ್ದು. ಹತ್ತಾರು ದರ್ಜೆಗಳನ್ನು ಮೂರಕ್ಕೆ ಇಳಿಸಿದರು, ಇದರಿಂದ ಒಬ್ಬನ ಕೆಲಸಕ್ಕೆ ಇನ್ನೊಬ್ಬ ಕೈ ಹಾಕುವುದು ಸುಲಭವಾಯಿತು.

ಆಡಳಿತದವರು ಇದನ್ನು ಮೇಲ್ವಿಚಾರಕರ ಮುಂದೆ, ಕೆಲಸಗಾರರ ಮುಂದೆ ಚರ್ಚೆಗೆ ಇಟ್ಟರು. ತಿಂಗಳುಗಟ್ಟಲೆ ಮನವೊಲಿಸಬೇಕಾದೀತು ಎಂಬ ಎಣಿಕೆ ಇದ್ದಿರಬೇಕು. ಆದರೆ ಕೆಲಸಗಾರರು ಅದನ್ನು ಕೈಯಿಂದ ಕಿತ್ತುಕೊಂಡಂತೆ ತಮ್ಮದು ಮಾಡಿಕೊಂಡರು. ಯಾರ ಗುಂಪಿನಲ್ಲಿ ಯಾರು ಎಂಬುದನ್ನು ಪರಸ್ಪರ ಒಪ್ಪಿಗೆಯಿಂದ ತಾವೇ ಆರಿಸಿಕೊಂಡು ಕೆಲಸಕ್ಕೆ ನಿಂತರು. ಹೊಸ ಪದ್ಧತಿ ನೆಲೆಗೊಂಡ ಮೇಲೆ, ಶೇ. 80ರ ಆಸುಪಾಸಿನಲ್ಲಿದ್ದ ಮಗ್ಗಗಳ ದಕ್ಷತೆ ಶೇ. 95ಕ್ಕೆ ಏರಿತು. ದೋಷ ಇರುವ ಬಟ್ಟೆಯ ಪ್ರಮಾಣ ಶೇ. 32ರಿಂದ ಶೇ. 20ಕ್ಕೆ ಇಳಿಯಿತು. ಶೆಡ್ಡಿನ ಉಳಿದ ಮಗ್ಗಗಳಿಗೂ, ಆಮೇಲೆ ಮಾಮೂಲಿ ಮಗ್ಗಗಳಿಗೂ ಇದೇ ಪದ್ಧತಿಯನ್ನು ತಂದರು. 1958ರಲ್ಲಿ ರೈಸ್ ಇದನ್ನು ಪುಸ್ತಕ ಮಾಡಿದರು.

ಅಷ್ಟು ಬೇಗ ಅವರು ಒಪ್ಪಿದ್ದೇಕೆ? ನನ್ನ ಊಹೆ ಇಷ್ಟು. ನೇಯ್ಗೆ ಎಂದೂ ಒಂಟಿ ಕೆಲಸ ಆಗಿರಲಿಲ್ಲ. ನಮ್ಮ ಮನೆಯಲ್ಲಿ ಅಜ್ಜಿ ಕಂಡಿಕೆ ಸುತ್ತುತ್ತಿದ್ದಳು, ದೊಡ್ಡಪ್ಪ ಹಾಸು ಹೂಡುತ್ತಿದ್ದ, ಅಜ್ಜ ಕುಣಿಯಲ್ಲಿ ಕೂತು ನೇಯುತ್ತಿದ್ದ. ಅಜ್ಜಿಗೆ ಮೈ ಸರಿ ಇಲ್ಲದ ದಿನ ಅಜ್ಜನೇ ಕಂಡಿಕೆ ಸುತ್ತಿಕೊಳ್ಳುತ್ತಿದ್ದ. ಇದಕ್ಕೆ ಯಾರೂ ಅಲೊಕೇಶನ್ ಬರೆದುಕೊಡುತ್ತಿರಲಿಲ್ಲ. ಗಿರಣಿಯ ಕೆಲಸಗಾರರಿಗೆ ರೈಸ್ ಹೊಸತನ್ನು ಕಲಿಸಿದ್ದಕ್ಕಿಂತ, ಗಡಿಯಾರದವರು ಕಿತ್ತುಕೊಂಡದ್ದನ್ನು ಹಿಂದಕ್ಕೆ ಕೊಡಿಸಿದ್ದೇ ಹೆಚ್ಚು ಎನಿಸುತ್ತದೆ.

ಸಾಫ್ಟ್‌ವೇರಿನವರಾದ ನಾವು ಸ್ವಯಂ ಸಂಘಟಿತ ತಂಡ ಎಂಬ ಮಾತನ್ನು ಅಜೈಲ್ ತರಬೇತಿಯಲ್ಲಿ ಕೇಳುತ್ತೇವೆ. ಅಜೈಲ್ ಪ್ರಣಾಳಿಕೆ ಬಂದದ್ದು 2001ರಲ್ಲಿ, ಅಮೆರಿಕದ ಯೂಟಾ ರಾಜ್ಯದ ಒಂದು ಸ್ಕೀ ರೆಸಾರ್ಟಿನಲ್ಲಿ 17 ಜನ ಸೇರಿದಾಗ. ಅದಕ್ಕೆ 48 ವರ್ಷ ಮೊದಲು ಅಹಮದಾಬಾದಿನ ನೇಕಾರರು ಅದನ್ನು ಮಾಡಿ ತೋರಿಸಿದ್ದರು ಎಂದು ಯಾವ ತರಬೇತುದಾರರೂ ನನಗೆ ಹೇಳಲಿಲ್ಲ.

ಎರಡು ಅನುಮಾನಗಳು

ಇಷ್ಟಕ್ಕೇ ನಿಲ್ಲಿಸಿದರೆ ಕಥೆ ಚೆಂದವಾಗಿರುತ್ತದೆ, ಪೂರ್ತಿ ಆಗುವುದಿಲ್ಲ.

ಮೊದಲನೆಯದು ದುಡ್ಡಿನ ವಿಚಾರ. ಹೊಸ ಪದ್ಧತಿಯ ಜೊತೆಗೇ ಸಂಬಳದ ಲೆಕ್ಕವೂ ಬದಲಾಗಿತ್ತು. ಹಾಗಿದ್ದ ಮೇಲೆ ಸುಧಾರಣೆಯಲ್ಲಿ ಗುಂಪಿನ ಪಾಲೆಷ್ಟು, ಸಂಬಳದ ಪಾಲೆಷ್ಟು ಎಂದು ಆಮೇಲಿನ ವಿಮರ್ಶಕರು ಕೇಳಿದರು. ನ್ಯಾಯವಾದ ಪ್ರಶ್ನೆ. ಹೆಚ್ಚಿದ ಉತ್ಪಾದನೆಯ ಲಾಭದಲ್ಲಿ ಪಾಲು ಕೊಡದೆ 'ನೀವೇ ಮಾಲೀಕರು ಅಂದುಕೊಳ್ಳಿ' ಎಂದರೆ ಅದನ್ನು ನಂಬುವಷ್ಟು ದಡ್ಡರು 1953ರಲ್ಲೂ ಇರಲಿಲ್ಲ, ಈಗಲೂ ಇಲ್ಲ.

ಎರಡನೆಯದು ನನಗೆ ಹೆಚ್ಚು ಚುಚ್ಚುತ್ತದೆ. ತಾವೇ ಆರಿಸಿಕೊಂಡ ಗುಂಪು ಎಂದೆವು. ಯಾರು ಯಾರನ್ನು ಆರಿಸುತ್ತಾರೆ? ಅಹಮದಾಬಾದಿನ ಗಿರಣಿಗಳಲ್ಲಿ ದಲಿತರಿಗೆ ನೂಲುವ ವಿಭಾಗದಲ್ಲಿ ಕೆಲಸವಿತ್ತು, ಸಂಬಳ ಹೆಚ್ಚಿದ್ದ ನೇಯುವ ವಿಭಾಗದ ಬಾಗಿಲು ಬಹುಕಾಲ ಮುಚ್ಚಿತ್ತು. ಅದಕ್ಕೆ ಕೊಡುತ್ತಿದ್ದ ಕಾರಣ, ಹಳೆಯ ಮಗ್ಗಗಳಲ್ಲಿ ಲಾಳಿಯ ಕಣ್ಣಿನಿಂದ ನೂಲನ್ನು ಬಾಯಲ್ಲಿ ಹೀರಿ ಎಳೆಯಬೇಕಿತ್ತು, ಅವರು ಬಾಯಿಟ್ಟ ಲಾಳಿಗೆ ಬೇರೆಯವರು ಬಾಯಿಡಲು ಒಪ್ಪುತ್ತಿರಲಿಲ್ಲ ಎಂಬುದು. ತಲೆತಲಾಂತರದಿಂದ ಬಟ್ಟೆ ನೇಯ್ದ ವಣಕರ್ ಸಮುದಾಯದವರೇ ಗಿರಣಿಯಲ್ಲಿ ನೇಯುವಂತಿರಲಿಲ್ಲ. ಇಂಥ ಗೋಡೆಯ ಒಳಗಿನವರಷ್ಟೇ ಸೇರಿ ತಮ್ಮತಮ್ಮೊಳಗೆ ಆರಿಸಿಕೊಂಡರೆ ಹೊರಗುಳಿದವರ ಹೆಸರು ಅಲ್ಲಿ ಬರುವುದೇ ಇಲ್ಲ.

ಪರ ಊರಿನಲ್ಲಿ ಇರುವ ನಮಗೆ ಇದರ ಸಣ್ಣ ರೂಪವಾದರೂ ಗೊತ್ತು. ನಾನು ಹಿಂದೆ ಇದ್ದ ಒಂದು ಕಂಪನಿಯಲ್ಲಿ 'ನಿಮ್ಮ ತಂಡ ನೀವೇ ಕಟ್ಟಿಕೊಳ್ಳಿ' ಎಂದಾಗ ಒಂದೇ ಭಾಷೆಯವರ, ಒಂದೇ ಕಾಲೇಜಿನವರ ಗುಂಪುಗಳು ಅರ್ಧ ದಿನದಲ್ಲಿ ತಯಾರಾದವು. ಕೊನೆಗೆ ಯಾರೂ ಕರೆಯದೆ ಉಳಿದವರು ನಾಲ್ವರು. ಒಬ್ಬಳು ಮಣಿಪುರದವಳು, ಒಬ್ಬ ಕಲಬುರಗಿಯವನು, ಇನ್ನಿಬ್ಬರು ಮಕ್ಕಳಿಗಾಗಿ ಕೆಲಸ ಬಿಟ್ಟು ಮರಳಿ ಬಂದ ತಾಯಂದಿರು. ಕೆಲಸದಲ್ಲಿ ನಾಲ್ವರೂ ಯಾರಿಗೂ ಕಡಿಮೆ ಇರಲಿಲ್ಲ. ಗುಂಪಿಗೆ ಸ್ವಾತಂತ್ರ್ಯ ಕೊಡುವುದು ಸರಿ, ಆದರೆ ಗುಂಪಿನ ಬಾಗಿಲು ಕಾಯುವ ಕೆಲಸ ಮ್ಯಾನೇಜರಿನದೇ ಎಂದು ಅಂದಿನಿಂದ ನಂಬಿದ್ದೇನೆ.

ಹದಿನೇಳು ವರ್ಷದ ನಂತರ

1970ರಲ್ಲಿ ಟ್ಯಾವಿಸ್ಟಾಕ್‌ನ ಎರಿಕ್ ಮಿಲ್ಲರ್ ಅದೇ ಶೆಡ್ಡುಗಳನ್ನು ನೋಡಲು ಹೋದರು. ಒಂದು ಕಡೆ ಗುಂಪಿನ ಪದ್ಧತಿ ಅಷ್ಟೂ ವರ್ಷ ಹೆಚ್ಚುಕಡಿಮೆ ಹಾಗೆಯೇ ಉಳಿದಿತ್ತು, ಕೆಲಸದ ಮಟ್ಟವೂ ಉಳಿದಿತ್ತು. ಬೇರೆ ಕಡೆ ಅದು ಸವೆದುಹೋಗಿತ್ತು. ಇದನ್ನು ಕೆಡವಿ ಎಂದು ಯಾರೂ ಆಜ್ಞೆ ಮಾಡಿರಲಿಲ್ಲ. ಮಾರುಕಟ್ಟೆ ಬದಲಾಗಿ ಬಟ್ಟೆಯ ಬಗೆಗಳು ಹೆಚ್ಚಿದವು, ಒತ್ತಡ ಬಂತು. ಒತ್ತಡ ಬಂದಾಗ ಮೇಲಿನವರು ಗುಂಪನ್ನು ದಾಟಿ ನೇರವಾಗಿ ಒಬ್ಬೊಬ್ಬರಿಗೆ ಹೇಳತೊಡಗಿದರು. ಇವತ್ತೊಂದು ದಿನ ಇವನನ್ನು ಅಲ್ಲಿಗೆ ಕಳಿಸಿ, ನಾಳೆ ಅವನನ್ನು ಇಲ್ಲಿಗೆ ಕಳಿಸಿ. ಹೀಗೆ ದಿನದಿನವೂ ಮಾಡುತ್ತ ಹೋದರೆ ಗುಂಪು ಹೆಸರಿಗೆ ಮಾತ್ರ ಉಳಿಯುತ್ತದೆ.

ಇದು ನಾನು ಪ್ರತಿ ತ್ರೈಮಾಸಿಕದ ಕೊನೆಗೆ ನೋಡುವ ನಾಟಕ. ಕ್ಲೈಂಟ್ ಒತ್ತಡ ಬಂದ ಕೂಡಲೇ ಮೇಲಿನಿಂದ ಫೋನ್: "ನಿಮ್ಮ ಹುಡುಗಿಯನ್ನು ಎರಡು ವಾರ ಶೇ. 50 ಕೊಡಿ." ಎರಡು ವಾರ ಎಂದದ್ದು ಆರು ತಿಂಗಳಾಗುತ್ತದೆ. ಆಕೆಗೆ ಎರಡು ಸ್ಟ್ಯಾಂಡಪ್ ಮೀಟಿಂಗು, ಇಬ್ಬರು ಮ್ಯಾನೇಜರು, ಎರಡೂ ಕಡೆ ಪರಕೀಯಳು. ಅರ್ಧ ಮನುಷ್ಯರು ಎಂಬುದು ಇಲ್ಲವಾದ್ದರಿಂದ ಆಕೆ ಎರಡೂ ಕಡೆ ಮುಕ್ಕಾಲು ಕೆಲಸ ಮಾಡುತ್ತಾಳೆ. ಆಮೇಲಿನ ಸರ್ವೆಯಲ್ಲಿ 'ಹೆಮ್ಮೆ' ಎಂಬ ಕಾಲಮಿಗೆ ಎರಡು ಅಂಕ ಕೊಡುತ್ತಾಳೆ, ನಾವು ಪಿಜ್ಜಾ ತರಿಸುತ್ತೇವೆ.

ಗುಂಪು ಎಲ್ಲವನ್ನೂ ಉಳಿಸುತ್ತದೆ ಎಂದೂ ಹೇಳಲಾರೆ. 1980 ಮತ್ತು 90ರ ದಶಕಗಳಲ್ಲಿ ಅಹಮದಾಬಾದಿನ ಗಿರಣಿಗಳು ಒಂದೊಂದಾಗಿ ಮುಚ್ಚಿದವು, ಕ್ಯಾಲಿಕೊ ಕೂಡ ಉಳಿಯಲಿಲ್ಲ. ಪವರ್‌ಲೂಮಿನ ಅಗ್ಗದ ಬಟ್ಟೆ, ಹೊಸ ನೂಲು, ಹಳಸಿದ ಯಂತ್ರ, ಕಾರಣಗಳು ಹಲವು. ನೇಯುವವರ ಉತ್ಸಾಹ ಇವುಗಳಿಗೆ ಮದ್ದಲ್ಲ. ಆ ಕಾಲದಲ್ಲಿ ಕೆಲಸ ಕಳೆದುಕೊಂಡವರ ಮುಂದೆ ಮೋಟಿವೇಶನ್ ಎಂಬ ಪದ ಆಡಿದ್ದರೆ ಅವರು ಏನೆನ್ನುತ್ತಿದ್ದರೋ. ಈಗ ನಮ್ಮ ಉದ್ಯಮದಲ್ಲೂ ಜನರನ್ನು ತೆಗೆಯುವ ಸುದ್ದಿ ವಾರಕ್ಕೊಂದು ಬರುತ್ತಿರುವಾಗ ಇದು ನೆನಪಿರಬೇಕು.

ಆದರೂ ಈ ಇತಿಹಾಸದಿಂದ ನಾನು ಎರಡು ವಿಷಯ ಕಟ್ಟಿಕೊಂಡಿದ್ದೇನೆ. ಮ್ಯಾನೇಜರ್ ಆಗಿರುವ ಗೆಳೆಯರಿಗೆ ಹೇಳುವುದು ಒಂದು. ತಂಡದವರು ಮಂಕಾಗಿದ್ದರೆ ಮೊದಲು ಅವರ ಮನಸ್ಸನ್ನು ಸರ್ವೆ ಮಾಡಬೇಡಿ, ನಿಮ್ಮ ಅಲೊಕೇಶನ್ ಶೀಟು ತೆರೆಯಿರಿ. ಎಷ್ಟು ಜನ ಪೂರ್ತಿ ಇದ್ದಾರೆ, ಎಷ್ಟು ಜನ ಭಿನ್ನರಾಶಿಯಲ್ಲಿ ಇದ್ದಾರೆ, ಒಂದು ಕೆಲಸ ಶುರುವಿನಿಂದ ಕೊನೆಯವರೆಗೆ ಒಂದೇ ಗುಂಪಿನ ಕೈಯಲ್ಲಿ ಇದೆಯೇ ಎಂದು ನೋಡಿ. ಶೇ. 50 ಕೊಡಿ ಎಂಬ ಫೋನು ಬಂದಾಗ ಒಮ್ಮೆಯಾದರೂ ಇಲ್ಲ ಎನ್ನಿ.

ಇನ್ನೊಂದು, ಹಿಂಜವಡಿಯಲ್ಲೋ ಪೊವಾಯಿಯಲ್ಲೋ ಗಚ್ಚಿಬೌಲಿಯಲ್ಲೋ ಪಿಜಿ ರೂಮಿನಲ್ಲಿ ಕೂತು ಇದನ್ನು ಓದುತ್ತಿರುವ ಹುಡುಗ ಹುಡುಗಿಯರಿಗೆ. ಕೆಲಸದಲ್ಲಿ ಮನಸ್ಸು ನಿಲ್ಲುತ್ತಿಲ್ಲ ಎಂದು ನಿಮ್ಮನ್ನೇ ಬೈದುಕೊಳ್ಳುವ ಮೊದಲು, ಆ ಕೆಲಸ ಮನಸ್ಸು ನಿಲ್ಲುವ ಹಾಗೆ ಇದೆಯೇ ಎಂದು ಕೇಳಿ. ಮುಂದಿನ ಇಂಟರ್‌ವ್ಯೂನಲ್ಲಿ ಸಂಬಳದ ಮಾತು ಮುಗಿದ ಮೇಲೆ ಇನ್ನೊಂದು ಪ್ರಶ್ನೆ ಹಾಕಿ: "ನಾನು ಎಷ್ಟು ತಂಡಗಳಲ್ಲಿ ಇರಬೇಕು, ಮತ್ತು ಆ ತಂಡದೊಳಗೆ ಕೆಲಸ ಹಂಚುವವರು ಯಾರು?" ಉತ್ತರ ಹೇಳುವಾಗ ಅವರು ತಡವರಿಸಿದರೆ, ಸಂಬಳ ಎಷ್ಟೇ ಇರಲಿ, ಒಂದು ರಾತ್ರಿ ಯೋಚಿಸಿ ಸಹಿ ಹಾಕಿ.